ಗೇಮಲ್ಲಿ ಸತ್ತರೆ ಲಾಭ ಯಾರಿಗೆ? | ಗೇಮ್ ಚರಿತ್ರೆ, ಭಾಗ 6

2025ರ ಸೆಪ್ಟೆಂಬರ್ 4ಕ್ಕೆ ‘ಹಾಲೋ ನೈಟ್: ಸಿಲ್ಕ್‌ಸಾಂಗ್’ ಬಂತು. ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರ್ರಿ ಅನ್ನೋ ಪುಟ್ಟ ತಂಡದ ಗೇಮು, ಬೆಲೆ 20 ಡಾಲರ್. ಬಂದ ವಾರವೇ ಜಗಳ ಶುರು. ‘ಇಷ್ಟು ಕಷ್ಟ ಯಾಕೆ?’ ಅಂತ ಒಂದು ಗುಂಪು, ‘ಆಡೋಕೆ ಬರ್ದಿದ್ರೆ ಬಿಟ್ಬಿಡಿ’ ಅಂತ ಇನ್ನೊಂದು. ನಾನು ಓದ್ತಿರೋದು ಬಿಕಾಂ, ಹಾಗಾಗಿ ನನ್ನ ಪ್ರಶ್ನೆನೇ ಬೇರೆ: ನಾವು ಸತ್ತಾಗ ದುಡ್ಡು ಯಾರ ಕೈಗೆ ಹೋಗುತ್ತೆ?

ಉತ್ತರ 1978ರ ಜಪಾನಿನಲ್ಲಿದೆ. ಟೈಟೋ ಕಂಪನಿಯ ಟೊಮೊಹಿರೊ ನಿಶಿಕಾಡೊ ‘ಸ್ಪೇಸ್ ಇನ್ವೇಡರ್ಸ್’ ಮಾಡಿದರು. ನಾಣ್ಯ ಹಾಕಿದ್ರೆ ಮೂರು ಜೀವ. ಶತ್ರುಗಳು ಕಡಿಮೆಯಾದಷ್ಟೂ ಉಳಿದವು ಜೋರಾಗಿ ಓಡ್ತವೆ. ಇದು ಮೊದಲೇ ಹಾಕಿದ ಪ್ಲಾನ್ ಅಲ್ಲ. ತೆರೆ ಮೇಲೆ ಬಿಡಿಸಬೇಕಾದ ಚಿತ್ರ ಕಡಿಮೆಯಾದಂತೆ ಯಂತ್ರ ತಾನಾಗೇ ವೇಗವಾಗ್ತಿತ್ತು, ಅವರು ಅದನ್ನ ಹಾಗೇ ಉಳಿಸಿಕೊಂಡರು. ಅಂಗಡಿಯವನಿಗೂ ಅದು ಒಳ್ಳೆಯದೇ. ಯಾರೂ ಸಾಯದೇ ಆಡ್ತಿದ್ರೆ ಒಂದೇ ನಾಣ್ಯಕ್ಕೆ ಯಂತ್ರ ಇಡೀ ಸಂಜೆ ಬ್ಲಾಕ್! ಆಗ ಸಾವು ಅಂದ್ರೆ ವ್ಯಾಪಾರ.

ಆಮೇಲೆ ಗೇಮ್ ಮನೆಗೆ ಬಂತು. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ನೋಡಿ. ಪೂರ್ತಿ ದುಡ್ಡು ಮೊದಲೇ ಕೊಟ್ಟಾಗಿದೆ, ನಾಣ್ಯ ಹಾಕೋ ತೂತೂ ಇಲ್ಲ. ಆದ್ರೂ ಮೂರೇ ಜೀವ! 100 ನಾಣ್ಯ ಕೂಡಿಸಿದ್ರೆ ಇನ್ನೊಂದು ಜೀವ. ಕಾರಣ ಹೋಯ್ತು, ಪದ್ಧತಿ ಉಳೀತು. 2017ರ ‘ಸೂಪರ್ ಮಾರಿಯೋ ಒಡಿಸ್ಸಿ’ಯಲ್ಲಿ ನಿಂಟೆಂಡೊ ಈ ಜೀವದ ಲೆಕ್ಕವನ್ನೇ ತೆಗೆದುಹಾಕಿತು. ಸತ್ತರೆ 10 ನಾಣ್ಯ ಕಳೀತಾರೆ, ಅಷ್ಟೇ.

ಈ ನಡುವೆ ನಾಣ್ಯದ ತೂತು ಸದ್ದಿಲ್ಲದೆ ನಮ್ಮ ಜೇಬಿಗೇ ಬಂತು. 2012ರ ‘ಕ್ಯಾಂಡಿ ಕ್ರಶ್ ಸಾಗಾ’ ಫ್ರೀ. ಜೀವ ಐದು. ಮುಗಿದ್ರೆ ಒಂದು ಜೀವ ಬರೋಕೆ 30 ನಿಮಿಷ ಕಾಯಿರಿ, ಇಲ್ಲಾಂದ್ರೆ ದುಡ್ಡು ಕೊಡಿ. ಇಲ್ಲಿ ಮಾರಾಟಕ್ಕಿರೋದು ಗೇಮ್ ಅಲ್ಲ, ನಮ್ಮ ಅಸಹನೆ. ಅದನ್ನ ಮಾಡಿದ ಕಿಂಗ್ ಕಂಪನಿಯನ್ನ ಆಕ್ಟಿವಿಷನ್ ಬ್ಲಿಝಾರ್ಡ್ ಕೊಂಡಿದ್ದು 590 ಕೋಟಿ ಡಾಲರ್‌ಗೆ.

ಈಗ ಸಿಲ್ಕ್‌ಸಾಂಗ್‌ಗೆ ಬನ್ನಿ. ಎಷ್ಟು ಸಲ ಸತ್ತರೂ ಟೀಮ್ ಚೆರ್ರಿಗೆ ಒಂದು ಪೈಸೆ ಹೆಚ್ಚು ಸಿಗಲ್ಲ. ಆ ಲೆಕ್ಕದಲ್ಲಿ ಇದರ ಕಷ್ಟ ಪ್ರಾಮಾಣಿಕ. ಆದ್ರೆ ಗೇಮಿನ ಒಳಗೆ ನೋಡಿ: ಕೆಲವು ಬೆಂಚ್ ಮೇಲೆ ಕೂತು ಸುಧಾರಿಸ್ಕೊಳ್ಳೋಕೂ ಜಪಮಣಿ ತೆರಬೇಕು. ಮಣಿಗಳೇ ಅಲ್ಲಿನ ಹಣ. ಸತ್ತರೆ ಅವು ಸತ್ತ ಜಾಗದಲ್ಲೇ ಉಳೀತವೆ. ಜೋಪಾನ ಮಾಡೋಕೆ ಸರದಲ್ಲಿ ಪೋಣಿಸಿಕೊಳ್ಳಬಹುದು, ಅದಕ್ಕೂ ಯಂತ್ರ ಕಮಿಷನ್ ಹಿಡ್ಕೊಳ್ಳುತ್ತೆ! ಇದು ಕಥೆಗೆ ಚೆನ್ನಾಗೇ ಹೊಂದುತ್ತೆ. ಅದು ಯಾತ್ರಿಕರ ರಾಜ್ಯ, ಭಕ್ತಿಯಿಂದ ಬೆಟ್ಟ ಹತ್ತೋರನ್ನ ಹೆಜ್ಜೆಹೆಜ್ಜೆಗೂ ಸುಲಿಯೋ ರಾಜ್ಯ. ಆ ಸುಲಿಗೆಯನ್ನ ನಾವು ಓದಿ ತಿಳಿಯಲ್ಲ, ಕೈಯಾರೆ ಕೊಟ್ಟು ತಿಳೀತೀವಿ. ಇದು ನನಗೆ ತುಂಬಾ ಹಿಡಿಸಿದ ಡಿಸೈನ್.

ಹಿಡಿಸದಿದ್ದು ಒಂದೇ. ದೊಡ್ಡ ಶತ್ರುವಿನ ಕೈಲಿ ಸತ್ತ ಮೇಲೆ ಎಷ್ಟೋ ಕಡೆ ದೂರದ ಬೆಂಚ್‌ನಿಂದ ಮತ್ತೆ ಅದೇ ದಾರಿ ಸವೆಸಬೇಕು. ಕಾದಾಟ ಏನಾದ್ರೂ ಕಲಿಸುತ್ತೆ. ಹತ್ತನೇ ಸಲದ ಆ ದಾರಿ ಏನೂ ಕಲಿಸಲ್ಲ. ಕೆಲಸ ಮುಗಿಸಿ ಬಂದು ಒಂದೇ ಗಂಟೆ ಆಡೋರಿಗೆ ಅದು ದೊಡ್ಡ ಖರ್ಚು. ಹಿಂದೆ ಈ ಖರ್ಚು ಅಂಗಡಿಯವನ ಗಲ್ಲಾಪೆಟ್ಟಿಗೆಗಾದ್ರೂ ಸೇರ್ತಿತ್ತು. ಇಲ್ಲಿ ನಾವು ಕಟ್ತಾ ಇರೋ ಶುಲ್ಕ ಯಾರಿಗೂ ಸಿಗಲ್ಲ! 2022ರ ‘ಎಲ್ಡನ್ ರಿಂಗ್’ ಕಷ್ಟಕ್ಕೇ ಹೆಸರಾದ ಗೇಮು, ಆದ್ರೂ ಅದರಲ್ಲಿ ಎಷ್ಟೋ ಕಾದಾಟಗಳ ಪಕ್ಕದಲ್ಲೇ ಮತ್ತೆ ಎದ್ದು ನಿಲ್ಲೋ ಜಾಗ ಇದೆ. ಅದರಿಂದ ಅದರ ಗತ್ತೇನೂ ಕಡಿಮೆಯಾಗಲಿಲ್ಲ.

ಟೀಮ್ ಚೆರ್ರಿಯೂ ಸ್ವಲ್ಪ ಬಗ್ಗಿತು. ಬಿಡುಗಡೆಯಾದ ಕೆಲವೇ ದಿನಕ್ಕೆ ಬಂದ ಅಪ್‌ಡೇಟ್‌ನಲ್ಲಿ ಶುರುವಿನ ಇಬ್ಬರು ಬಾಸ್‌ಗಳಾದ ಮೂರ್‌ವಿಂಗ್, ಸಿಸ್ಟರ್ ಸ್ಪ್ಲಿಂಟರ್ ಸ್ವಲ್ಪ ಮೆತ್ತಗಾದರು, ಕೆಲವು ಬೆಂಚ್‌ಗಳ ದರವೂ ಇಳೀತು.

ಹಾಗಾಗಿ ಮುಂದಿನ ಸಲ ‘ಈ ಗೇಮ್ ಕಷ್ಟ’ ಅಂತ ಯಾರಾದ್ರೂ ಹೇಳಿದ್ರೆ ಎರಡು ಪ್ರಶ್ನೆ ಕೇಳಿ. ಸೋತಾಗ ಏನು ಕಲಿತೆ? ಸೋತಾಗ ಏನು ತೆತ್ತೆ?

ನೀವು ಸಿಟ್ಟಲ್ಲಿ ಬಿಟ್ಟ ಗೇಮ್ ಯಾವುದು? ಆಗ ಹೋಗಿದ್ದು ದುಡ್ಡಾ, ಟೈಮಾ? ಕಾಮೆಂಟಲ್ಲಿ ಬರೀರಿ, ಎಲ್ಲಾ ಓದ್ತೀನಿ.

#ಗೇಮ್‌ಚರಿತ್ರೆ #ಸಿಲ್ಕ್‌ಸಾಂಗ್ #ಕನ್ನಡಗೇಮರ್ಸ್