ಎಚ್ಚರಿಕೆ ಇದೆ, ಕನ್ನಡದಲ್ಲಿಲ್ಲ!

ಗಾಂಜಾ ಅಂದ ಕೂಡಲೇ ನಮ್ಮ ಕಣ್ಮುಂದೆ ಬರೋದು ಪೊಲೀಸ್ ದಾಳಿ, ಮೂಟೆ, ಕೋಳ. ಆದರೆ ಅದೇ ಗಿಡದ ಎಲೆ, ನಮ್ಮ ಹಿರಿಯರು ಭಂಗಿ ಸೊಪ್ಪು ಅಂತಿದ್ದರಲ್ಲ, ಅದು ಲೇಬಲ್ ಅಂಟಿಸಿಕೊಂಡು ಪೊಟ್ಟಣದಲ್ಲಿ ಬರುತ್ತೆ. ಇವತ್ತು ನಾನು ಹೇಳೋದು ಆ ಪೊಟ್ಟಣದ ಇತಿಹಾಸ.

1893ರಲ್ಲಿ ಬ್ರಿಟಿಷ್ ಸರ್ಕಾರ ಗಾಂಜಾ, ಭಂಗಿ, ಚರಸ್ ಬಗ್ಗೆ ಒಂದು ಆಯೋಗ ಮಾಡಿತು. ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿದ ಆಯೋಗ, ಪೂರ್ತಿ ನಿಷೇಧ ಬೇಡ, ಲೈಸೆನ್ಸ್ ಮತ್ತು ತೆರಿಗೆಯಿಂದ ಹತೋಟಿಯಲ್ಲಿಡಿ ಅಂತು. 1961ರಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಒಪ್ಪಂದ ಬಂತು. ಅದರ ವ್ಯಾಖ್ಯಾನದಲ್ಲಿ ತೆನೆ ಸೇರಿತು, ಬರೀ ಎಲೆ ಹೊರಗುಳಿಯಿತು. ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಯೂ ಅದೇ ದಾರಿ ಹಿಡಿಯಿತು. ತೆನೆ ಇದ್ದರೆ ಗಾಂಜಾ, ಜೈಲು. ಬರೀ ಎಲೆಯಾದರೆ ಅದು ರಾಜ್ಯಗಳ ಅಬಕಾರಿಗೆ ಬಿಟ್ಟ ವಿಚಾರ.

ಇದು ಬರೀ ಹಳೇ ಕಥೆ ಅಲ್ಲ. 2022ರಲ್ಲಿ ಬೆಂಗಳೂರಿನ ಬೇಗೂರು ಪೊಲೀಸರು 29 ಕಿಲೋ ಭಂಗಿ ಹಿಡಿದ ಪ್ರಕರಣ ಹೈಕೋರ್ಟಿಗೆ ಹೋಯಿತು. ಭಂಗಿಯನ್ನು ಗಾಂಜಾದಿಂದ ಮಾಡಿದ್ದಾರೆ ಅನ್ನೋದಕ್ಕೆ ದಾಖಲೆ ಇಲ್ಲ ಅಂತ ನ್ಯಾಯಮೂರ್ತಿ ಕೆ. ನಟರಾಜನ್ ಜಾಮೀನು ಕೊಟ್ಟರು. ಮರುವರ್ಷ ಮಂಗಳೂರಿನ ಗೂಡಂಗಡಿಗಳಲ್ಲಿ ಪೊಲೀಸರು ಮತ್ತು ಬರಿಸುವ ಚಾಕೊಲೇಟ್ ಹಿಡಿದರು. ಚಾಕೊಲೇಟ್, ಸ್ವಾಮಿ!

ಈಗ ಲೇಬಲ್ ವಿಚಾರಕ್ಕೆ ಬನ್ನಿ. 1945ರ ಔಷಧ ನಿಯಮಗಳಲ್ಲಿ ಇ(1) ಅನ್ನುವ ಒಂದು ಪಟ್ಟಿ ಇದೆ. ಅದರಲ್ಲಿರೋದು ವಿಷಕಾರಿ ದ್ರವ್ಯಗಳು. ದತ್ತೂರಿ, ಗುಲಗಂಜಿ ಜೊತೆ ಭಂಗಿಯೂ ಅಲ್ಲಿದೆ. ಇವುಗಳಿಂದ ಆಯುರ್ವೇದದ ಔಷಧಿ ಮಾಡಿ ಹೊಟ್ಟೆಗೆ ತಗೊಳ್ಳೋಕೆ ಮಾರಿದರೆ, ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕು ಅನ್ನುವ ಎಚ್ಚರಿಕೆ ಎದ್ದು ಕಾಣುವಂತೆ ಇರಬೇಕು. 161ನೇ ನಿಯಮ. ಒಳ್ಳೆಯ ನಿಯಮವೇ. ಆದರೆ ಯಾವ ಭಾಷೆಯಲ್ಲಿ? ಇಂಗ್ಲಿಷ್ ಮತ್ತು ಹಿಂದಿ. ಕನ್ನಡ ಕಡ್ಡಾಯ ಅಲ್ಲ!

ತುಮಕೂರು ತಾಲ್ಲೂಕಿನ ಕೋರ ಹೋಬಳಿಯನ್ನೇ ತಗೊಳ್ಳಿ. ವಸಂತನರಸಾಪುರ ಕೈಗಾರಿಕಾ ಪ್ರದೇಶ ಇರೋದು ಅಲ್ಲೇ. ದೂರದ ರಾಜ್ಯಗಳಿಂದ ದುಡಿಯೋಕೆ ಬಂದವರೂ ಇದ್ದಾರೆ, ಹೊಲ ತೋಟ ನೋಡಿಕೊಂಡಿರುವ ನಮ್ಮವರೂ ಇದ್ದಾರೆ. ಇಂಥ ಪೊಟ್ಟಣ ನಾಳೆ ಅಲ್ಲಿನ ಅಂಗಡಿಯಲ್ಲಿ ತೂಗಿದರೆ, ಹೊರಗಿನಿಂದ ಬಂದವನು ಹಿಂದಿ ಓದಿಯಾನು. ಕನ್ನಡ ಶಾಲೆಯ ಮಗು ಏನು ಓದಬೇಕು? ಮೊಮ್ಮಗನ ಕೈಯಲ್ಲಿ ಬಣ್ಣದ ಪೊಟ್ಟಣ ಕಂಡ ಅಜ್ಜಿ ಏನಂತ ತಿಳಿಯಬೇಕು?

ಕೆನಡಾ 2018ರ ಅಕ್ಟೋಬರ್ 17ರಂದು ಗಾಂಜಾ ಮಾರಾಟವನ್ನೇ ಕಾನೂನುಬದ್ಧ ಮಾಡಿತು. ಮಾಡಿದ್ದು ಸರಿಯೋ ತಪ್ಪೋ, ಆ ಚರ್ಚೆ ಬೇರೆ. ಆದರೆ ಅಲ್ಲಿ ಪೊಟ್ಟಣ ಮಕ್ಕಳಿಗೆ ಸುಲಭವಾಗಿ ಬಿಚ್ಚೋಕೆ ಆಗಬಾರದು, ಮಕ್ಕಳನ್ನು ಸೆಳೆಯುವಂತೆ ಇರಬಾರದು. ತಿನ್ನುವ ಪದಾರ್ಥವಾದರೆ ಒಂದು ಪೊಟ್ಟಣದಲ್ಲಿ ಟಿಎಚ್‌ಸಿ ಎಂಬ ಮತ್ತಿನ ಅಂಶ 10 ಮಿಲಿಗ್ರಾಂ ಮೀರಬಾರದು. ಎಚ್ಚರಿಕೆ ಇಂಗ್ಲಿಷ್‌ನಲ್ಲೂ ಇರಬೇಕು, ಫ್ರೆಂಚ್‌ನಲ್ಲೂ ಇರಬೇಕು. ಯಾಕೆ? ಅಲ್ಲಿನ ಜನ ಆಡೋದು ಆ ಭಾಷೆ.

ನೂರಮೂವತ್ತು ವರ್ಷದಿಂದ ಸರ್ಕಾರಗಳು ಎಲೆ ಯಾವುದು, ತೆನೆ ಯಾವುದು ಅಂತ ಬಿಡಿಸಿ ಬಿಡಿಸಿ ಬರೆದಿವೆ. ತಿನ್ನುವವನ ಭಾಷೆ ಯಾವುದು ಅಂತ ಮಾತ್ರ ಕೇಳಲಿಲ್ಲ. ನಾನು ಹೇಳೋದು ಇಷ್ಟೇ: ಕರ್ನಾಟಕದಲ್ಲಿ ಮಾರುವ ಪೊಟ್ಟಣದ ಮೇಲಿನ ಎಚ್ಚರಿಕೆ ಕನ್ನಡದಲ್ಲೂ ಇರಲಿ. ಓದೋಕೆ ಬಾರದ ಎಚ್ಚರಿಕೆ ಕಂಪನಿಯನ್ನು ಕಾಪಾಡುತ್ತೆ, ಮಗುವನ್ನಲ್ಲ.