ಅಜ್ಜಿಯ ರೆಕಾರ್ಡ್ ಪುಸ್ತಕ

ಅಜ್ಜಿಯ ಟ್ರಂಕಿನ ತಳದಲ್ಲಿ ಅವಳ ಹೈಸ್ಕೂಲಿನ ಗೃಹವಿಜ್ಞಾನದ ರೆಕಾರ್ಡ್ ಪುಸ್ತಕ ಸಿಕ್ಕಿತು. ರಟ್ಟಿನ ಮೇಲೆ 1962 ಎಂಬ ಇಸವಿ. ಒಳಗೆ ಸ್ಕೇಲು ಹಿಡಿದು ಬರೆದ ಅಡುಗೆಮನೆಯ ನಕ್ಷೆ, ಯಾವ ಕಾಳಿನಲ್ಲಿ ಏನಿದೆ ಎಂಬ ಪಟ್ಟಿ, ಕಾಜಾ ಹೊಲಿದು ಅಂಟಿಸಿದ ಬಟ್ಟೆಯ ತುಂಡು, ಮುರಿದ ಕೈಯನ್ನು ಬಟ್ಟೆಯಲ್ಲಿ ಕುತ್ತಿಗೆಗೆ ತೂಗುಹಾಕುವ ಚಿತ್ರ. ‘ನಂಗೆ ಲೆಕ್ಕ ಚೆನ್ನಾಗಿ ಬರ್ತಿತ್ತು ಕಣೇ. ಆದ್ರೆ ನಮ್ಮ ಸ್ಕೂಲಲ್ಲಿ ವಿಜ್ಞಾನ ಅಂತ ಇದ್ದದ್ದು ಇದೊಂದೇ’ ಎಂದಳು. ತಾತ ಓದಿದ್ದು ಅದೇ ಊರಿನ ಗಂಡುಮಕ್ಕಳ ಹೈಸ್ಕೂಲಿನಲ್ಲಿ. ಅಜ್ಜಿ ಕಾಜಾ ಹೊಲಿಯುತ್ತಿದ್ದ ಹೊತ್ತಿಗೆ ಅವರು ಮೈದಾನದಲ್ಲಿ ಡ್ರಿಲ್ ಮಾಡುತ್ತಿದ್ದರು.

ಈ ಹಂಚಿಕೆ ಎಲ್ಲಿಂದ ಬಂತು? ಹೆಣ್ಣುಮಕ್ಕಳನ್ನು ಒಲೆಯ ಮುಂದೆ ಕೂರಿಸಲೆಂದೇ ಗೃಹವಿಜ್ಞಾನ ಹುಟ್ಟಿತು ಎಂದು ನಾನು ಬಹುಕಾಲ ನಂಬಿದ್ದೆ. ಓದುತ್ತ ಹೋದಂತೆ ಚಿತ್ರ ಬದಲಾಯಿತು. 1927ರಲ್ಲಿ ಪುಣೆಯಲ್ಲಿ ಮೊದಲ ಸಲ ಸೇರಿದ ಅಖಿಲ ಭಾರತ ಮಹಿಳಾ ಸಮ್ಮೇಳನವೇ 1932ರಲ್ಲಿ ದೆಹಲಿಯ ಲೇಡಿ ಇರ್ವಿನ್ ಕಾಲೇಜನ್ನು ಸ್ಥಾಪಿಸಿತು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಆ ಸಂಘಟನೆಯ ಮೊದಲ ದಿನಗಳ ಕಾರ್ಯದರ್ಶಿ. ಇವರಾರೂ ಹೆಣ್ಣನ್ನು ಮನೆಯೊಳಗೆ ಕೂಡಿಹಾಕಲು ಹೊರಟವರಲ್ಲ. ಮಗಳನ್ನು ಕಾಲೇಜಿಗೆ ಕಳಿಸಲು ಹಿಂಜರಿಯುತ್ತಿದ್ದ ಮನೆಗಳು ‘ಗೃಹ’ ಎಂಬ ಪದಕ್ಕೆ ಒಪ್ಪಬಹುದಿತ್ತು. ಅದರ ಬೆನ್ನಿಗೆ ರಸಾಯನಶಾಸ್ತ್ರವೂ ಶರೀರಶಾಸ್ತ್ರವೂ ಒಳಗೆ ಬರುತ್ತಿದ್ದವು.

ಸ್ವಾತಂತ್ರ್ಯದ ನಂತರ ಆ ಬಾಗಿಲೇ ಬೇಲಿಯಾಯಿತು. 1952-53ರ ಮುದಲಿಯಾರ್ ಆಯೋಗ ಪ್ರೌಢಶಾಲೆಯ ಐಚ್ಛಿಕ ವಿಷಯಗಳನ್ನು ಏಳು ಗುಂಪು ಮಾಡಿತು. ಅದರಲ್ಲಿ ಗೃಹವಿಜ್ಞಾನವೂ ಒಂದು. ಹೆಣ್ಣುಮಕ್ಕಳ ಶಾಲೆಗಳಲ್ಲೂ ಸಹಶಿಕ್ಷಣದ ಶಾಲೆಗಳಲ್ಲೂ ಅದಕ್ಕೆ ವಿಶೇಷ ಅನುಕೂಲ ಕಲ್ಪಿಸಬೇಕೆಂದಿತು. ಆಯೋಗದ ಅಧ್ಯಕ್ಷ ಲಕ್ಷ್ಮಣಸ್ವಾಮಿ ಮುದಲಿಯಾರ್ ವೈದ್ಯರು. ಪ್ರತಿ ವಿದ್ಯಾರ್ಥಿಗೂ ವರ್ಷಕ್ಕೊಮ್ಮೆಯಾದರೂ ವೈದ್ಯಕೀಯ ತಪಾಸಣೆ ಆಗಬೇಕು, 40 ವರ್ಷದೊಳಗಿನ ಶಿಕ್ಷಕರೆಲ್ಲ ಮಕ್ಕಳ ಜೊತೆ ಆಟ-ವ್ಯಾಯಾಮಗಳಲ್ಲಿ ತೊಡಗಬೇಕು ಎಂದೂ ಆ ವರದಿ ಹೇಳಿತ್ತು. ಗಣಿತದ ಮೇಷ್ಟ್ರು ಮೈದಾನಕ್ಕೆ ಇಳಿಯಬೇಕಿತ್ತು! ನನ್ನ ಕಾಲಕ್ಕೆ ಆದದ್ದು ತಿರುಗಾಮುರುಗಾ: ಹತ್ತನೇ ತರಗತಿಯಲ್ಲಿ ಪಿ.ಟಿ. ಪೀರಿಯಡ್ಡನ್ನೇ ಗಣಿತಕ್ಕೆ ಬಿಟ್ಟುಕೊಡಲಾಯಿತು. ಎಸ್‌ಎಸ್‌ಎಲ್‌ಸಿಯ ಒಟ್ಟು 625 ಅಂಕಗಳಲ್ಲಿ ದೈಹಿಕ ಶಿಕ್ಷಣದ ಪಾಲು ಸೊನ್ನೆ.

ಅಜ್ಜಿ ರೆಕಾರ್ಡ್ ಬರೆಯುತ್ತಿದ್ದ 1962ರಲ್ಲೇ ಹುಡುಗ ಹುಡುಗಿಯರಿಗೆ ಬೇರೆಬೇರೆ ಪಠ್ಯಕ್ರಮ ಬೇಕೇ ಎಂದು ಪರಿಶೀಲಿಸಲು ಹಂಸಾ ಮೆಹ್ತಾ ಅವರ ನೇತೃತ್ವದಲ್ಲಿ ಸಮಿತಿಯೊಂದು ನೇಮಕವಾಯಿತು. ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ ಮೊದಲ ವಿಧಿಯಲ್ಲಿ ‘ಎಲ್ಲ ಪುರುಷರು’ ಎಂದಿದ್ದುದನ್ನು ‘ಎಲ್ಲ ಮನುಷ್ಯರು’ ಎಂದು ಬದಲಿಸಲು ಹೋರಾಡಿದವರು ಇವರೇ. ಗೃಹವಿಜ್ಞಾನದ ವಿರೋಧಿಯೂ ಅಲ್ಲ. ಅವರು ಕುಲಪತಿಯಾಗಿದ್ದಾಗಲೇ ಬರೋಡಾ ವಿಶ್ವವಿದ್ಯಾಲಯದಲ್ಲಿ ಆ ವಿಭಾಗ ಆರಂಭವಾಗಿತ್ತು. ಅವರ ಸಮಿತಿ ಹೇಳಿದ್ದು ಸರಳ: ಪಠ್ಯಕ್ರಮದಲ್ಲಿ ಗಂಡು-ಹೆಣ್ಣೆಂಬ ಭೇದ ಬೇಡ, ಮಾಧ್ಯಮಿಕ ಹಂತದಲ್ಲಿ ಗೃಹವಿಜ್ಞಾನವನ್ನು ಇಬ್ಬರಿಗೂ ಕಲಿಸಿ. 1966ರ ಕೊಠಾರಿ ಆಯೋಗದ ವರದಿಯೂ ಭೇದ ಬೇಡವೆಂದಿತು. ಹುಡುಗಿಯರಿಗೆ ಗೃಹವಿಜ್ಞಾನ ಕಡ್ಡಾಯವಾಗಬಾರದು, ಗಣಿತ-ವಿಜ್ಞಾನ ಓದಲು ಅವರಿಗೆ ಉತ್ತೇಜನ ಸಿಗಬೇಕು ಎಂದಿತು.

ಈ ಸಲಹೆಯ ಅರ್ಧ ಮಾತ್ರ ನಡೆಯಿತು. ನನ್ನಂಥವರು ಹೈಸ್ಕೂಲಿನಲ್ಲಿ ಹುಡುಗರ ಪಕ್ಕದಲ್ಲೇ ಕೂತು ಅದೇ ಗಣಿತ, ಅದೇ ವಿಜ್ಞಾನ ಓದಿದೆವು. ಆದರೆ ಅನ್ನ, ಆರೈಕೆ, ಹೊಲಿಗೆಯ ಪಾಠ ಹುಡುಗರ ತರಗತಿಗೆ ಹೋಗಲೇ ಇಲ್ಲ. ಮುಂದೆ ಎನ್‌ಸಿಇಆರ್‌ಟಿ ಆ ವಿಷಯಕ್ಕೆ ‘ಮಾನವ ಪರಿಸರ ಮತ್ತು ಕುಟುಂಬ ವಿಜ್ಞಾನ’ ಎಂಬರ್ಥದ ಹೊಸ ಹೆಸರಿಟ್ಟಿತು. ಹನ್ನೊಂದನೇ ತರಗತಿಯಲ್ಲಿ ಬೇಕೆಂದವರು ಆರಿಸಿಕೊಳ್ಳುವ ವಿಷಯ ಅದು. ಮನೆಗೆಲಸ ಮಾತ್ರ ಈಗಲೂ ಹೆಣ್ಣುಮಕ್ಕಳು ಯಾರೂ ಹೇಳಿಕೊಡದೆ, ಅಂಕವಿಲ್ಲದೆ ಕಲಿಯುವ ವಿದ್ಯೆ.

ಹೋದ ವರ್ಷ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ರೆಕಾರ್ಡಿನ ಚಿತ್ರದಂತೆಯೇ ಕೈ ಕುತ್ತಿಗೆಗೆ ತೂಗುತ್ತಿತ್ತು. ಅಂದು ತಾತ ಮೊದಲ ಸಲ ಅನ್ನಕ್ಕಿಡಲು ಹೋದರು. ಸ್ವಲ್ಪ ಹೊತ್ತಿನ ಮೇಲೆ ಅಡುಗೆಮನೆಯಿಂದ ಕೂಗು ಕೇಳಿಸಿತು: ‘ಲೇ, ಒಂದು ಲೋಟ ಅಕ್ಕಿಗೆ ಎಷ್ಟು ನೀರೇ?’