ಚಿತ್ರದ ಚೂಪಿಗೆ ಯಾವ ಡೆವಲಪರ್? – ಕತ್ತಲೆ ಕೋಣೆಯ ಒಂದು ಚರಿತ್ರೆ

ಛಾಯಾಚಿತ್ರದ ಚರಿತ್ರೆ ಎಂದೊಡನೆ ನಮಗೆ ಕ್ಯಾಮೆರಾ ಮತ್ತು ಲೆನ್ಸುಗಳ ನೆನಪಾಗುತ್ತದೆ. ಆದರೆ ಕತ್ತಲೆ ಕೋಣೆಯಲ್ಲಿ ಫಿಲ್ಮ್ ತೊಳೆಯುವ ದ್ರಾವಣಕ್ಕೂ ಒಂದು ಚರಿತ್ರೆಯಿದೆ. ಫಿಲ್ಮಿನ ಮೇಲಿರುವ ಬೆಳ್ಳಿ ಲವಣದ ಸೂಕ್ಷ್ಮ ಹರಳುಗಳಲ್ಲಿ ಬೆಳಕು ತಾಗಿದವುಗಳನ್ನು ಡೆವಲಪರ್ ಕಪ್ಪು ಬೆಳ್ಳಿಯಾಗಿ ಮಾರ್ಪಡಿಸುತ್ತದೆ. ಒಮ್ಮೆ ತೊಳೆದ ನೆಗೆಟಿವನ್ನು ಮತ್ತೆ ಮೊದಲಿನಂತೆ ಮಾಡಲಾಗದು. ಆದ್ದರಿಂದಲೇ ಈ ಆಯ್ಕೆಗೆ ಮಹತ್ವವಿದೆ.

1891ರಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಮೊಮ್ಮೆ ಆಂಡ್ರೆಸನ್ 'ರೋಡಿನಾಲ್' ಎಂಬ ಡೆವಲಪರಿಗೆ ಪೇಟೆಂಟ್ ಪಡೆದರು. ಆಗ್ಫಾ ಕಂಪನಿ ಅದನ್ನು ಮಾರಾಟಕ್ಕೆ ತಂದಿತು. ಒಂದು ಭಾಗ ದ್ರಾವಣಕ್ಕೆ 25, 50 ಅಥವಾ 100 ಭಾಗ ನೀರು ಬೆರೆಸಿ ಬಳಸುವ ಕ್ರಮವಿತ್ತು. ಅಂದಿನ ನೆಗೆಟಿವ್‌ಗಳು ದೊಡ್ಡ ಗಾಜಿನ ಫಲಕಗಳಾಗಿದ್ದುದರಿಂದ ಹರಳುಗಳು ಒರಟಾಗಿದ್ದರೂ ಕಣ್ಣಿಗೆ ಅಷ್ಟಾಗಿ ಕಾಣುತ್ತಿರಲಿಲ್ಲ.

1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಲೈಕಾ ಕ್ಯಾಮೆರಾ ಬಂದಾಗ ಪರಿಸ್ಥಿತಿ ಬದಲಾಯಿತು. ಅದರ ನೆಗೆಟಿವ್ ಕೇವಲ 24×36 ಮಿಲಿಮೀಟರ್. 8×10 ಇಂಚಿನ ಪ್ರತಿ ಬೇಕಾದರೆ ಸುಮಾರು 8 ಪಟ್ಟು ಹಿಗ್ಗಿಸಬೇಕು. ಆಗ ಹರಳುಗಳೂ ಹಿಗ್ಗುತ್ತವೆ! ಇದೇ ಕಾಲದಲ್ಲಿ ಕೊಡಾಕ್ ಸಂಸ್ಥೆಯ ಜಾನ್ ಕ್ಯಾಪ್‌ಸ್ಟಾಫ್ ಸಿನಿಮಾ ಫಿಲ್ಮಿಗಾಗಿ ರೂಪಿಸಿದ ಡಿ-76 ಸಾಮಾನ್ಯ ಛಾಯಾಗ್ರಾಹಕರಿಗೂ ವರವಾಯಿತು. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಹೈಡ್ರೊಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ – ಇದು ಅದರ ಸೂತ್ರ. ಇಷ್ಟೊಂದು ಸಲ್ಫೈಟ್ ಹರಳುಗಳನ್ನು ಸ್ವಲ್ಪ ಕರಗಿಸಿ ನಯಗೊಳಿಸುತ್ತದೆ. ಆದರೆ ಗೆರೆಗಳ ಅಂಚೂ ಮೆದುವಾಗುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಬೇಕಾಯಿತು.

ಹಾಗಾದರೆ ಚೂಪು ಎಂದರೇನು? 1952ರಲ್ಲಿ ಕೊಡಾಕ್‌ನ ಹಿಗ್ಗಿನ್ಸ್ ಮತ್ತು ಜೋನ್ಸ್ ಎಂಬ ವಿಜ್ಞಾನಿಗಳು ಇದಕ್ಕೆ ಉತ್ತರ ನೀಡಿದರು. ಅತಿ ಸೂಕ್ಷ್ಮ ಗೆರೆಗಳನ್ನು ಬಿಡಿಸಿ ತೋರಿಸುವ ಶಕ್ತಿಯೊಂದೇ ಚೂಪಲ್ಲ. ಕಪ್ಪು-ಬಿಳುಪು ಸೇರುವ ಅಂಚಿನಲ್ಲಿ ಬದಲಾವಣೆ ಎಷ್ಟು ಥಟ್ಟನೆ ಆಗುತ್ತದೆ ಎಂಬುದನ್ನೇ ನಮ್ಮ ಕಣ್ಣು ಚೂಪೆಂದು ಗ್ರಹಿಸುತ್ತದೆ.

ತೆಳುವಾದ ಡೆವಲಪರ್ ಈ ಅಂಚನ್ನೇ ತಿದ್ದುತ್ತದೆ. ಹೆಚ್ಚು ಬೆಳಕು ಬಿದ್ದ ಭಾಗದಲ್ಲಿ ಅದರ ಶಕ್ತಿ ಬೇಗ ಮುಗಿಯುತ್ತದೆ. ಪಕ್ಕದ ಭಾಗದಿಂದ ತಾಜಾ ದ್ರಾವಣ ಅಂಚಿನ ಈಚೆಗೆ ಹರಿದು ಅಲ್ಲಿ ಕಪ್ಪು ಹೆಚ್ಚುತ್ತದೆ. ಬಳಸಿ ಮುಗಿದ ದ್ರಾವಣ ಆಚೆಗೆ ಹೋಗಿ ಅಲ್ಲಿ ಕಪ್ಪು ತಗ್ಗುತ್ತದೆ. ತೊಟ್ಟಿಯನ್ನು ಕಡಿಮೆ ಅಲುಗಾಡಿಸಿದರೆ ಈ ಪರಿಣಾಮ ಹೆಚ್ಚು. 1960ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಜೆಫ್ರಿ ಕ್ರಾಲಿ ಇದೇ ತತ್ತ್ವದ ಮೇಲೆ ಎಫ್‌ಎಕ್ಸ್ ಸರಣಿಯ ಕೆಲವು ಸೂತ್ರಗಳನ್ನು ನೀಡಿದರು.

ಈಗ ಫಿಲ್ಮ್ ಹಿಡಿಯುವ ವಿದ್ಯಾರ್ಥಿಗಳಿಗೆ ಈ ಚರಿತ್ರೆಯೇ ದಾರಿ ತೋರುತ್ತದೆ. 100 ಐಎಸ್ಒ ಅಥವಾ ಅದಕ್ಕಿಂತ ನಿಧಾನದ ಫಿಲ್ಮಿನ ಹರಳುಗಳು ಸಹಜವಾಗಿಯೇ ಸಣ್ಣವು. ಅದಕ್ಕೆ 50 ಪಟ್ಟು ನೀರು ಬೆರೆಸಿದ ರೋಡಿನಾಲ್ ಒಪ್ಪುತ್ತದೆ. 400 ಐಎಸ್ಒ ಫಿಲ್ಮಿಗೆ ಡಿ-76ನ್ನು ಸಮಪಾಲು ನೀರಿನೊಡನೆ ಬಳಸುವುದು ಮಧ್ಯಮ ಮಾರ್ಗ. ಆಗ ಸಲ್ಫೈಟ್ ಅರ್ಧಕ್ಕಿಳಿದು ಅಂಚು ಚೂಪಾಗುತ್ತದೆ. ತೊಳೆಯುವ ಸಮಯ ಮಾತ್ರ ಹೆಚ್ಚಬೇಕು, ದ್ರಾವಣವನ್ನು ಒಮ್ಮೆ ಬಳಸಿ ಚೆಲ್ಲಬೇಕು. ಆದರೆ ಕೈ ನಡುಗಿ ಮಸುಕಾದ ಚಿತ್ರವನ್ನು ಯಾವ ಡೆವಲಪರೂ ಸರಿಪಡಿಸದು.

ಆಗ್ಫಾದ ಫಿಲ್ಮ್ ವಿಭಾಗದಿಂದ ಬೇರ್ಪಟ್ಟ ಆಗ್ಫಾಫೋಟೊ 2005ರಲ್ಲಿ ದಿವಾಳಿಯಾಯಿತು. ಆದರೂ ರೋಡಿನಾಲ್ ಅಳಿಯಲಿಲ್ಲ. ಇಂದು ಆಡಾಕ್ಸ್ ಸಂಸ್ಥೆ ಅದನ್ನು ತಯಾರಿಸುತ್ತಿದೆ. ಕಂಪನಿಗಳು ಮುಚ್ಚಬಹುದು, ಬರೆದಿಟ್ಟ ವಿದ್ಯೆ ಉಳಿಯುತ್ತದೆ.